ಎಂಪ್ಟಿ ಬೆಂಟ್ಸಿಲನ ಮದುವೆ

ಮಂಕೆಸಿಮ್ ಪೇಟೆಯಲ್ಲಿ ನನ್ನ ಅಂಗಡಿಗೆ ಬಂದು ಒಂದು ಕ್ರೇಟ್ ಬೀರು ಕೇಳಿದವರಿಗೆ ನಾನು ಬೆಲೆ ಹೇಳುವುದಿಲ್ಲ. ಮೊದಲು ಕೇಳುವುದು ಒಂದೇ ಮಾತು: "ಎಂಪ್ಟಿ ಎಲ್ಲಿ?" ಖಾಲಿ ಬಾಟಲಿಗಳ ಕ್ರೇಟು ಇಳಿಸಿದವನಿಗೆ ತುಂಬಿದ ಬಾಟಲಿಗಳ ಕ್ರೇಟು. ಇಳಿಸದವನಿಗೆ ಒಂದು ನಗು, ಅದೂ ಆ ದಿನ ವ್ಯಾಪಾರ ಚೆನ್ನಾಗಿದ್ದರೆ. ಒಮ್ಮೆ ಅಕ್ರಾದಿಂದ ಕಾರಿನಲ್ಲಿ ಬಂದ ಮನುಷ್ಯನೊಬ್ಬ ನೋಟಿನ ಕಂತೆಯನ್ನು ಗಲ್ಲಾದ ಮೇಲೆ ಬಡಿದು, "ಇದು ದುಡ್ಡಲ್ವೇನಮ್ಮ?" ಎಂದು ಗುಡುಗಿದ.

"ದುಡ್ಡೇ ಸಾರ್," ಎಂದೆ. "ಆದ್ರೆ ಕಾರ್ಖಾನೆಯವರು ಇದರೊಳಗೆ ಬೀರು ತುಂಬಕ್ಕೆ ಒಪ್ಪಲ್ಲ."

ಅವನ ಮೇಲೆ ನನಗೇನೂ ಕೋಪವಿರಲಿಲ್ಲ. ನಾನು ಬೀರು ತರುವ ಡಿಪೊದಲ್ಲಿ ನನ್ನನ್ನೂ ಹೀಗೆಯೇ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಾರೆ. ಬಾಟಲಿ ಕಾರ್ಖಾನೆಗೆ ಮರಳಬೇಕು, ಆಗಲೇ ಅದು ಮತ್ತೆ ತುಂಬಿ ಬರುವುದು. ಹೀಗಾಗಿ ನಮ್ಮ ಕಡೆ ತುಂಬಿದ ಬಾಟಲಿಗೆ ಅಂಥ ಮರ್ಯಾದೆಯೇನೂ ಇಲ್ಲ, ಅರ್ಧ ಗಂಟೆಯಲ್ಲಿ ಅದರ ಕತೆ ಮುಗಿಯುತ್ತದೆ. ಖಾಲಿ ಬಾಟಲಿ ಇಟ್ಟುಕೊಂಡವನೇ ಆಸ್ತಿವಂತ. ಆ ಲೆಕ್ಕದಲ್ಲಿ ನಮ್ಮ ಪೇಟೆಯ ದೊಡ್ಡ ಆಸ್ತಿವಂತ ಕೊಬಿನಾ ಬೆಂಟ್ಸಿಲ್. ಎಗ್ಯಾ ಬೆಂಟ್ಸಿಲ್ ಎಂದು ಕರೆಯುತ್ತಿದ್ದೆವು. ಎಗ್ಯಾ ಎಂದರೆ ಅಪ್ಪ. ಮಕ್ಕಳಿಲ್ಲದವನಿಗೆ ಆ ಹೆಸರು ಬಂದದ್ದು ಅರ್ಧ ಮರ್ಯಾದೆಯಿಂದ, ಅರ್ಧ ಕುಚೋದ್ಯದಿಂದ. ಬೆನ್ನ ಹಿಂದೆ ಪೂರ್ತಿ ಕುಚೋದ್ಯವೇ: ಎಂಪ್ಟಿ ಬೆಂಟ್ಸಿಲ್.

ಅವನು ಹಿಂದೆ ಬೀರಿನ ಲಾರಿ ಓಡಿಸುತ್ತಿದ್ದ. ಬಾಟಲಿಗೆ ಬರ ಬಂದ ಆ ಕೆಟ್ಟ ವರ್ಷಗಳಲ್ಲಿ ಜನ ತಮ್ಮ ಮನೆಯ ಖಾಲಿ ಬಾಟಲಿಗಳಲ್ಲಿ ತಾಳೆಯೆಣ್ಣೆ, ಸೀಮೆಎಣ್ಣೆ, ಕೆಮ್ಮಿನ ಕಷಾಯ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಡುತ್ತಿದ್ದಾಗ ಇವನೊಬ್ಬ ಮಾತ್ರ ಅವುಗಳನ್ನು ಬೇಡಿ, ಹೆಕ್ಕಿ, ಬೂದಿ ಹಾಕಿ ತೊಳೆದು, ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಜೋಡಿಸಿದ. ಲಾರಿ ಬಿಟ್ಟ ಮೇಲೆ ಅದೇ ಅವನ ಉದ್ಯೋಗವಾಯಿತು. ಮದುವೆಗೆ, ಸಾವಿಗೆ, ಮಗುವಿನ ನಾಮಕರಣಕ್ಕೆ ಪಾನೀಯ ಬೇಕಾದವರು ಮೊದಲು ಅವನ ಬಳಿ ಖಾಲಿ ಕ್ರೇಟು ಎರವಲು ಪಡೆದು ನಂತರ ನನ್ನ ಬಳಿ ಬರಬೇಕು. ಅವನೋ, ಬಾಡಿಗೆಯ ಜೊತೆಗೆ ಒತ್ತೆಯನ್ನೂ ಇಟ್ಟುಕೊಳ್ಳುತ್ತಿದ್ದ. ಒತ್ತೆ ಎಂದರೆ ಹಣವಲ್ಲ, ಅದಿಲ್ಲದೆ ನೀವು ಬದುಕಲಾರದಂಥ ಒಂದು ವಸ್ತು. ಮೆಥಡಿಸ್ಟ್ ಚರ್ಚಿನ ಉಪದೇಶಿ ತಮ್ಮ ಮಗಳ ಮದುವೆಗೆ ಕನ್ನಡಕ ಬಿಟ್ಟುಹೋಗಿ, ಆ ಭಾನುವಾರ ನೋಹನ ಕತೆ ಓದಲು ಹೊರಟು ಯೋನನ ಕತೆ ಓದಿದರು. ಎರಡರಲ್ಲೂ ನೀರು ಬಹಳ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬೆಂಟ್ಸಿಲ್ ಸ್ವತಃ ಕುಡಿಯುವವನಲ್ಲ. ಕುಡಿಯುವವರನ್ನು ನೋಡುವವನು. ಎಲ್ಲಿ ಅವನ ಬಾಟಲಿ ಹೋಗುತ್ತದೋ ಅಲ್ಲಿ ಅವನೂ ಹೋಗುತ್ತಿದ್ದ. ಕರೆದರೂ ಹೋಗುತ್ತಿದ್ದ, ಕರೆಯದಿದ್ದರೂ. ನೀವು ಸಾವಿನ ಮನೆಯಲ್ಲಿ ಕಪ್ಪು ಬಟ್ಟೆ ಹೊದ್ದು, ಸತ್ತವರ ಒಳ್ಳೆಯತನ ನೆನೆದು ಒಂದು ಗುಟುಕು ಕುಡಿದರೆ, ಭುಜದ ಹಿಂದೆ ಮೆತ್ತಗೆ ಒಂದು ದನಿ ಕೇಳಿಸುತ್ತಿತ್ತು: "ಮುಗೀತಾ?"

ಮದುವೆ ಆಗಿರಲಿಲ್ಲ. ಲಾರಿ ಓಡಿಸುವಾಗ ಸಮಯವಿರಲಿಲ್ಲ, ಕೊಟ್ಟಿಗೆ ತುಂಬಿದ ಮೇಲೆ ಜಾಗವಿರಲಿಲ್ಲ. ಐವತ್ತು ದಾಟಿದ ಮೇಲೆ ಅವನಿಗೆ ಅರಾಬಾ ಎಸುವಾನ್ ಕಣ್ಣಿಗೆ ಬಿದ್ದಳು.

ಎಸುವಾನ್ ಗಂಡ ಸತ್ತ ಹೆಂಗಸು. ಬಸ್ ನಿಲ್ದಾಣದಲ್ಲಿ ಕೆಂಕೆ ಮಾರುತ್ತಿದ್ದಳು, ಜೊತೆಗೆ ಕರಿದ ಮೀನು ಮತ್ತು ಖಾರ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ಈ ಕಡುಬನ್ನು ಒಣ ಬಾಳೆಲೆಯಲ್ಲಿ ಅವಳಷ್ಟು ಬಿಗಿಯಾಗಿ ಸುತ್ತುವವರು ಆ ರಸ್ತೆಯಲ್ಲಿ ಇರಲಿಲ್ಲ. ಬಾಯಿಯೂ ಅಷ್ಟೇ ಬಿಗಿ. ಬಿಚ್ಚಿದರೆ ಮಾತ್ರ ಖಾರ. ನನ್ನ ಅಂಗಡಿ ಎದುರಿಗೇ ಇದ್ದುದರಿಂದ ಆ ಪ್ರೇಮ ಪ್ರಕರಣವೆಲ್ಲ ನನಗೆ ಪುಕ್ಕಟೆ ನಾಟಕ. ಬೆಂಟ್ಸಿಲ್ ಪ್ರತಿ ಮಧ್ಯಾಹ್ನ ಬರುತ್ತಿದ್ದ, ತಿನ್ನುತ್ತಿದ್ದ, ಏನೋ ಹೇಳಲು ಬಾಯಿ ತೆರೆದು ಮೀನಿನ ಮುಳ್ಳು ತೆಗೆದು ಹೋಗುತ್ತಿದ್ದ. ಒಂದು ದಿನ ಕೈಯಲ್ಲಿ ಕಟ್ಟೊಂದನ್ನು ಹಿಡಿದು ಬಂದ.

"ಏನದು?" ಎಂದಳು ಎಸುವಾನ್.

"ಎಲೆ. ನಿನ್ನವೇ. ತೊಳ್ದು ಒಣಗ್ಸಿದೀನಿ."

"ಎಗ್ಯಾ, ಕೆಂಕೆಗೆ ಎಂಪ್ಟಿ ಇಲ್ಲ ಕಣೋ!"

"ಒಂದೂ ಹರ್ದಿರಲಿಲ್ಲ," ಎಂದ ಅವನು ತಲೆ ತಗ್ಗಿಸಿ. "ಎಸೆಯಕ್ಕೆ ಮನಸ್ಸು ಬರಲಿಲ್ಲ."

ನಿಲ್ದಾಣದ ಡ್ರೈವರುಗಳು ಬಿದ್ದುಬಿದ್ದು ನಕ್ಕರು. ಎಸುವಾನ್ ನಗಲಿಲ್ಲ. ಆ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಬುಟ್ಟಿಯ ಅಡಿಗೆ ಇಟ್ಟುಕೊಂಡಳು. ಸಂಜೆ ನನ್ನ ಬಳಿ ಬಂದು, "ಅಬಾ ಅಕ್ಕ, ಆ ಮನುಷ್ಯನಿಗೆ ತಲೆ ಸರಿ ಇದೆಯಾ?" ಎಂದು ಕೇಳಿದಳು.

"ತಲೆ ಸರಿ ಇದೆ. ತಲೆಯೊಳಗೆ ಬರೀ ಬಾಟಲಿ ಇದೆ."

"ನನ್ನ ಮೊದಲನೇ ಗಂಡನ ಕೈಗೆ ಏನು ಕೊಟ್ಟರೂ ವಾಪಸು ಬರ್ತಿರಲಿಲ್ಲ," ಎಂದಳು. ಹೊರಟವಳು ತಿರುಗಿ, "ಆದ್ರೆ ಎಸ್ಸಾಂದೋ ಮಾವ ಒಪ್ಪಬೇಕು. ಅವರು ಬೇಡ ಅಂದ್ರೆ ಬೇಡ. ಅವರನ್ನ ಮೀರಿ ನಾನು ಬರಲ್ಲ, ಅವನಿಗೆ ಹೇಳಿಬಿಡು."

ಇಲ್ಲಿಂದ ಕಷ್ಟ ಶುರುವಾಯಿತು. ನಮ್ಮಲ್ಲಿ ಹೆಣ್ಣಿನ ವಿಷಯ ತೀರ್ಮಾನಿಸುವವನು ಅವಳ ತಾಯಿಯ ಅಣ್ಣ. ಎಸುವಾನಳ ಸೋದರಮಾವ ಸಾಲ್ಟ್‌ಪಾಂಡಿನ ಎಸ್ಸಾಂದೋ ಮೇಷ್ಟ್ರು. ಆ ಸೀಮೆಯಲ್ಲಿ ಇಂಗ್ಲಿಷ್ ಕಲಿತವರೆಲ್ಲ ಅವರ ಬೆತ್ತದ ಕೆಳಗೆ ಹಾದುಬಂದವರು, ನಾನೂ ಸೇರಿ. ಬರಿದು ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಗುಣವಾಚಕಗಳಿವೆ, ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಅವರ ಅಚ್ಚುಮೆಚ್ಚಿನ ಪಾಠ. ಇಡೀ ತರಗತಿ ರಾಗವಾಗಿ ಕೂಗಬೇಕಿತ್ತು: ಮನೆ ವೇಕೆಂಟ್, ಬಾಟಲಿ ಎಂಪ್ಟಿ, ಮರ ಹಾಲೊ, ಗೋಡೆ ಬೇರ್. ಬೆಂಟ್ಸಿಲ್ ಒಮ್ಮೆ ಊಟದ ಗಂಟೆಗೆ ಮುಂಚೆ ಎದ್ದು ನಿಂತು, ತನ್ನ ಹೊಟ್ಟೆ ವೇಕೆಂಟ್ ಆಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಬಾಡಿಗೆಗೆ ಕೊಡುವ ಹೊಟ್ಟೆಯೇನೋ ಎಂದು ಕೇಳಿ ಮೇಷ್ಟ್ರು ಬಾರಿಸಿದರು. ಅಂದಿನಿಂದ ಅವನು ಎಂಪ್ಟಿ ಎಂಬ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಇಷ್ಟೇ ಆಗಿದ್ದರೆ ಮರೆಯಬಹುದಿತ್ತು. ಹಿಂದಿನ ವರ್ಷ ಮೇಷ್ಟ್ರ ಅಣ್ಣ ತೀರಿಕೊಂಡಾಗ ಪಾನೀಯಕ್ಕೆ ಬಾಟಲಿ ಹೋದದ್ದು ಬೆಂಟ್ಸಿಲನ ಕೊಟ್ಟಿಗೆಯಿಂದ. ಮೇಷ್ಟ್ರು ಎದ್ದು ನಿಂತು, ಕೈಯಲ್ಲಿ ಬಾಟಲಿ ಹಿಡಿದು, ಅಣ್ಣನ ಗುಣಗಾನ ಮಾಡುತ್ತ ಕಣ್ಣೀರಿಡುತ್ತಿದ್ದಾಗ ಇವನು ಹಿಂದಿನಿಂದ ಬಾಗಿ ಕೇಳಿದನಂತೆ.

ಏನು ಕೇಳಿದ ಎಂದು ಹೇಳಬೇಕಿಲ್ಲವಷ್ಟೆ.

ಹೆಣ್ಣು ಕೇಳಲು ಬಾಗಿಲು ತಟ್ಟುವ ಶಾಸ್ತ್ರಕ್ಕೆ ಅವನ ಕಡೆಯ ಇಬ್ಬರು ಮುದುಕರು ಹೊರಟರು. ಮಾತಾಡಲು ನಾನೇ ಬರಬೇಕೆಂದು ಬೆಂಟ್ಸಿಲ್ ಅಂಗಲಾಚಿದ. ಮದುವೆ ಕುದುರಿದರೆ ಪಾನೀಯದ ವ್ಯಾಪಾರ ನನ್ನದೇ ಆದುದರಿಂದ ನನಗೂ ಅವನ ಮೇಲೆ ತುಂಬ ಕನಿಕರ ಉಕ್ಕಿತು. ಶಾಸ್ತ್ರಕ್ಕೆ ಬೇಕೇ ಬೇಕಾದ ಷ್ನಾಪ್ಸ್ ಎಂಬ ಸಾರಾಯಿಯ ಎರಡು ಬಾಟಲಿ ಹಿಡಿದು ಸಾಲ್ಟ್‌ಪಾಂಡಿಗೆ ಹೋದೆವು. ದಾರಿಯುದ್ದಕ್ಕೂ ಅವನು ಆ ಬಾಟಲಿಗಳನ್ನೇ ನೋಡುತ್ತಿದ್ದ.

"ಅವರು ದೇವರಿಗೆ ಎರೆದ ಮೇಲೆ ಈ ಬಾಟಲಿ..."

"ಅಲ್ಲೇ ಇರತ್ತೆ."

"ಅಲ್ಲ, ಚೌಕದ ಬಾಟಲಿ ಅಪರೂಪ ಅಂತ..."

"ಎಗ್ಯಾ, ನಿನಗೆ ಹೆಂಡತಿ ಬೇಕೋ ಬಾಟಲಿ ಬೇಕೋ?"

ಅವನು ಉತ್ತರಿಸಲು ತಡಮಾಡಿದ್ದು ನನಗೆ ಒಳ್ಳೆಯ ಲಕ್ಷಣವೆನಿಸಲಿಲ್ಲ.

ಮೇಷ್ಟ್ರು ಅಂಗಳದ ಮಾವಿನ ಮರದ ಕೆಳಗೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎಪ್ಪತ್ತೈದರ ಮೇಲಾಗಿದ್ದರೂ ಅಂಗಿಯ ಮೇಲೊಂದು ಸುಕ್ಕಿಲ್ಲ. ನಾನು ಎದ್ದು ನಿಂತು, ಹೀಗೆ ದಾರಿಯಲ್ಲಿ ಹೋಗುವಾಗ ನಿಮ್ಮ ಅಂಗಳದಲ್ಲಿ ಒಂದು ಚೆಂದದ ಹೂ ಕಂಡಿತು, ಅದನ್ನು ಕೇಳಲು ಬಂದೆವು ಎಂದು ಶುರುಮಾಡಿದೆ. ಹಾಗೆ ಹೇಳುವುದು ಪದ್ಧತಿ.

"ಹೂವಾ?" ಎಂದರು ಮೇಷ್ಟ್ರು ಸುತ್ತಲೂ ನೋಡಿ. "ಈ ಅಂಗಳದಲ್ಲಿರೋದು ಒಂದು ಮಾವಿನ ಮರ. ಎಸುವಾನ್‌ಗೆ ನಲವತ್ತಾರು. ಅಬಾ, ನೀನು ಪ್ರಬಂಧ ಬರೆಯುವಾಗಲೂ ಹೀಗೇ ಉಬ್ಬಿಸ್ತಿದ್ದೆ. ನೇರ ಹೇಳು. ಗಂಡಿನ ಹತ್ರ ಏನಿದೆ?"

"ಎರಡು ಕೋಣೆ ಮನೆ ಇದೆ ಸಾರ್. ಹಿಂದೆ ದೊಡ್ಡ ಕೊಟ್ಟಿಗೆ ಇದೆ."

"ಕೊಟ್ಟಿಗೇಲಿ?"

"ಎಂಪ್ಟಿ ಇದೆ ಸಾರ್."

"ಕೊಬಿನಾ ಬೆಂಟ್ಸಿಲ್, ಎದ್ದು ನಿಲ್ಲು. ಎಂಪ್ಟಿ. ಅರ್ಥ ಹೇಳು."

ಬೆಂಟ್ಸಿಲ್ ಎದ್ದ. ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. "ಎಂಪ್ಟಿ, ಗುಣವಾಚಕ. ಒಳಗೆ ಏನೂ ಇಲ್ಲದ್ದು ಸಾರ್."

"ಅಂದ್ರೆ ನಿನ್ನ ಕೊಟ್ಟಿಗೆ ತುಂಬ ಏನೂ ಇಲ್ಲದ್ದೇ ಇದೆ. ನನ್ನ ತಂಗಿ ಮಗಳಿಗೆ ಅದನ್ನ ಕೊಡ್ತೀಯ."

"ಮಂಕೆಸಿಮ್‌ನಲ್ಲಿ ಅದಿಲ್ದೆ ಏನೂ ಸಿಗಲ್ಲ ಸಾರ್."

"ನಾನು ಕೇಳಿದ್ದು ಅರ್ಥ. ನೀನು ಹೇಳ್ತಿರೋದು ಧಾರಣೆ. ಕೂತ್ಕೋ."

ಕೂತ. ನಾನು ಅವನ ಪರವಾಗಿ ಏನಾದರೂ ಹೇಳಬೇಕಿತ್ತು, ಆದರೆ ಮೇಷ್ಟ್ರ ಮಾತು ಚೆನ್ನಾಗಿತ್ತು. ನಗು ತಡೆಯುವುದರಲ್ಲೇ ನನ್ನ ಹೊತ್ತು ಕಳೆಯಿತು. ಆಮೇಲೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ದನಿ ಬದಲಾಗಿತ್ತು.

"ನನ್ನ ಅಣ್ಣನ ಮಾತಾಡ್ತಾ ಇದ್ದೆ. ಮಣ್ಣಿಗಿಟ್ಟು ಒಂದು ಗಂಟೆ ಆಗಿರಲಿಲ್ಲ. ಇವನು ಬಂದು ನನ್ನ ಕೈಯಲ್ಲಿದ್ದ ಬಾಟಲಿ ಕೇಳ್ದ. ನನ್ನ ಮಾತು ನಿಂತುಹೋಯ್ತು, ಅಬಾ. ಮತ್ತೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗಲಿಲ್ಲ."

ಬೆಂಟ್ಸಿಲನ ಮುಖ ನೋಡುವಂತಿರಲಿಲ್ಲ.

"ಎಸುವಾನ್‌ಗೆ ಇವನು ಬೇಕಂತೆ. ಯಾಕೆ ಅಂತ ಕೇಳ್ದೆ, ಎಲೆ ತಂದುಕೊಟ್ಟ ಅಂದ್ಳು. ಹುಚ್ಚಿ. ಇರಲಿ. ನಿಶ್ಚಯದ ಶಾಸ್ತ್ರ ಈ ಅಂಗಳದಲ್ಲೇ ಆಗ್ಲಿ. ನನ್ನ ಕಡೆಯವರಿಗೆಲ್ಲ ಹೊಟ್ಟೆ ತುಂಬ ಪಾನೀಯ ಇರಬೇಕು. ಆದ್ರೆ ಆ ದಿನ ಬೆಳಗ್ಗಿಂದ, ಹೆಣ್ಣು ಹೂಂ ಅನ್ನೋವರೆಗೂ, ಇವನು ಯಾರ ಕೈಯಲ್ಲಿರೋ ಬಾಟಲೀನೂ ಕೇಳಬಾರದು, ಮುಟ್ಟಬಾರದು, ಆ ಮಾತು ಬಾಯಲ್ಲಿ ಬರಬಾರದು. ಬಂದ್ರೆ ಷ್ನಾಪ್ಸ್ ವಾಪಸು, ಹೆಣ್ಣೂ ಇಲ್ಲ."

"ಯಾವ ಮಾತು ಸಾರ್?" ಎಂದ ಬೆಂಟ್ಸಿಲ್ ದೀನನಾಗಿ.

"ಒಳಗೆ ಏನೂ ಇಲ್ಲದ್ದು," ಎಂದರು ಮೇಷ್ಟ್ರು.

ನಮ್ಮಲ್ಲಿ ನಿಶ್ಚಯವೆಂದರೆ ಮದುವೆಯೇ ಆದಂತೆ. ಅದಕ್ಕಾಗಿ ಬೆಂಟ್ಸಿಲ್ ತನ್ನ ಕೊಟ್ಟಿಗೆಯನ್ನು ಪೂರ್ತಿ ಬರಿದು ಮಾಡಿದ. ಒಂದು ಕ್ರೇಟನ್ನೂ ಉಳಿಸಿಕೊಳ್ಳಲಿಲ್ಲ, ಅಷ್ಟು ನೆಂಟರಿದ್ದರು ಮೇಷ್ಟ್ರಿಗೆ. ನಾನು ಅವನ್ನೆಲ್ಲ ಡಿಪೊಕ್ಕೆ ಕೊಟ್ಟು ತುಂಬಿದ್ದು ತಂದೆ. ಇರಲಿ ಎಂದು ನನ್ನ ಸ್ವಂತದ ಒಂದಷ್ಟು ತುಂಬಿದ ಕ್ರೇಟುಗಳನ್ನೂ ಪಿಕಪ್ಪಿನಲ್ಲಿ ಹಾಕಿಕೊಂಡೆ. ಸಂಭ್ರಮದ ಮನೆಯ ಮುಂದೆ ಸರಕು ತುಂಬಿದ ಗಾಡಿ ನಿಲ್ಲಿಸಿ ನಷ್ಟಪಟ್ಟ ವ್ಯಾಪಾರಿಯನ್ನು ನಾನು ಕಂಡಿಲ್ಲ.

ಶನಿವಾರ ಬೆಳಗ್ಗೆ ಮಾವಿನ ಮರದ ಸುತ್ತ ಕುರ್ಚಿಗಳು ತುಂಬಿದವು. ಬೆಂಟ್ಸಿಲ್ ಹೊಸ ನೇಯ್ಗೆ ಬಟ್ಟೆಯನ್ನು ಹೆಗಲ ಮೇಲೆ ಹೊದ್ದು ಬಂದಿದ್ದ. ನೋಡಲು ಯಾವುದೋ ಸಣ್ಣ ಸೀಮೆಯ ದೊರೆಯಂತೆ, ಹತ್ತಿರದಿಂದ ಜ್ವರ ಬಂದವನಂತೆ. ಊರಿನ ನಿಜವಾದ ದೊರೆಯ ಪರವಾಗಿ ಮಾತಾಡುವ, ಬಂಗಾರದ ತುದಿಯ ಕೋಲು ಹಿಡಿಯುವ ಹಿರಿಯರೊಬ್ಬರು ಬರುತ್ತೇನೆ ಎಂದಿದ್ದರಿಂದ ಶಾಸ್ತ್ರ ತಡವಾಗುತ್ತಿತ್ತು. ಕಾಯುವವರಿಗೆ ಕುಡಿಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಮೊದಲ ಬಾಟಲಿ ಮುಗಿದದ್ದು ಮೇಷ್ಟ್ರ ಕಿರಿಯ ತಂಗಿ, ಎಸುವಾನಳ ಚಿಕ್ಕಮ್ಮ ಮನ್ಸಾಳದು. ಮನ್ಸಾ ಹುರಿದ ಕಡಲೇಕಾಯಿ ವ್ಯಾಪಾರದವಳು. ಎಲ್ಲರಂತೆ ಬಾಟಲಿಯಲ್ಲಿ ತುಂಬಿ ಮಾರುತ್ತಾಳೆ. ಅವಳು ಕೊನೆಯ ಹನಿಯನ್ನು ಪೂರ್ವಿಕರಿಗೆಂದು ನೆಲಕ್ಕೆ ಚಿಮುಕಿಸಿ, ಅತ್ತಿತ್ತ ನೋಡಿ, ಬಾಟಲಿಯನ್ನು ಮಗುವನ್ನು ಮಲಗಿಸುವಂತೆ ಕೈಚೀಲದಲ್ಲಿ ಮಲಗಿಸಿದಳು. ಬೆಂಟ್ಸಿಲ್ ಅದನ್ನು ನೋಡಿದ.

ನಂತರ ಎಲ್ಲ ಕಡೆ ಅದೇ ಆಯಿತು. ಒಬ್ಬ ಬಾಟಲಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಟೋಪಿ ಇಟ್ಟ. ಇನ್ನೊಬ್ಬ ಮರದ ಬುಡಕ್ಕೆ ಎಸೆದ; ಅದು ಉರುಳಿಕೊಂಡು ಹೋಗಿ ಕಲ್ಲಿಗೆ ಬಡಿದು ಟಿಣ್ ಎಂದಾಗ ಬೆಂಟ್ಸಿಲ್ ತನ್ನ ಹಲ್ಲಿಗೆ ಪೆಟ್ಟು ಬಿದ್ದಂತೆ ಕೆನ್ನೆ ಹಿಡಿದುಕೊಂಡ. ಮೇಷ್ಟ್ರೋ, ಇದೆಲ್ಲ ತಮಗಾಗಿಯೇ ಏರ್ಪಾಡಾದ ಆಟವೆಂಬಂತೆ ಕೂತಿದ್ದರು. ತಮ್ಮ ಬಾಟಲಿ ಮುಗಿಸಿ, ಅದನ್ನು ಗೋಡೆಯ ಅಂಚಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು, "ಗಾಳಿ ಜೋರಿದೆ ಅಲ್ವಾ ಕೊಬಿನಾ?" ಎಂದರು.

"ಜೋರಿದೆ ಸಾರ್." ಅವನ ಬಟ್ಟೆ ಹೆಗಲಿಂದ ಜಾರಿತು. ಎಳೆದುಕೊಂಡ. ಮತ್ತೆ ಜಾರಿತು.

ಸ್ವಲ್ಪ ಹೊತ್ತಿಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಎದ್ದು ಎರಡು ತುಂಬಿದ ಬಾಟಲಿ ತೆಗೆದುಕೊಂಡು ನೆಟ್ಟಗೆ ಮನ್ಸಾಳ ಹತ್ತಿರ ಹೋದ. "ಚಿಕ್ಕಮ್ಮ, ಇನ್ನೊಂದು ತಗೊಳ್ಳಿ." ಹೊಸದನ್ನು ಒಂದು ಕೈಯಲ್ಲಿ ಮುಂದೆ ಮಾಡಿ, ಇನ್ನೊಂದು ಕೈಯನ್ನು ಬರಿದಾಗಿ ಚಾಚಿ ನಿಂತ. ನನ್ನ ಅಂಗಡಿಯಲ್ಲಾದರೆ ಆ ಚಾಚಿದ ಕೈಯ ಅರ್ಥ ಎಳೆಮಗುವಿಗೂ ಗೊತ್ತು. ಸಾಲ್ಟ್‌ಪಾಂಡಿನ ಮನ್ಸಾ ಹೊಸ ಬಾಟಲಿ ತೆಗೆದುಕೊಂಡು ಆ ಕೈಯನ್ನು ಹಿಡಿದು ಕುಲುಕಿದಳು.

"ಅಣ್ಣಾ, ಎಂಥಾ ದೊಡ್ಡ ಕೈ ಈ ಹುಡುಗಂದು! ನೀನು ಜಿಪುಣ ಅಂದಿದ್ಯಲ್ಲ?"

ಬೆಂಟ್ಸಿಲ್ ಬಿಡಲಿಲ್ಲ. ಮುಂದಿನವರ ಹತ್ತಿರ ಹೋದ, ಅದರ ಮುಂದಿನವರ ಹತ್ತಿರವೂ. ಎಲ್ಲರೂ ಹೊಸದು ತೆಗೆದುಕೊಂಡರು, ಕೈ ಕುಲುಕಿದರು, ಹರಸಿದರು, ಹಳೆಯದನ್ನು ಒಳಗೆ ಸೇರಿಸಿದರು. ಒಂದು ಹೋಗಬೇಕಾದ ಕಡೆ ಎರಡು ಹೋದವು. ಅವನು ನನ್ನ ಪಕ್ಕ ಹಾಯುವಾಗ ಪಿಸುಗುಟ್ಟಿದ: "ಅಬಾ, ನಾನು ಸಾಯ್ತೀನಿ."

"ಸಾಯಿ. ಅದಕ್ಕೂ ಬಾಟಲಿ ಬೇಕಾಗತ್ತೆ, ಈಗ ನಿನ್ ಹತ್ರ ಒಂದೂ ಇಲ್ಲ. ಸುಮ್ನೆ ಕೂತ್ಕೋ."

ಕಿಟಕಿಯಲ್ಲಿ ಎಸುವಾನ್ ನಿಂತಿದ್ದಳು. ಹೆಣ್ಣು ಹೊರಗೆ ಬರುವ ಹೊತ್ತಾಗಿರಲಿಲ್ಲ. ಅವಳು ಎಲ್ಲವನ್ನೂ ನೋಡುತ್ತಿದ್ದಳು, ಮುಖದಲ್ಲಿ ಏನೂ ಇಲ್ಲ. ಬೆಂಟ್ಸಿಲ್ ಒಮ್ಮೆ ಆ ಕಡೆ ನೋಡಿ, ಬಟ್ಟೆಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕೂತ. ಅವನ ಇಡೀ ಬದುಕು ಆ ಅಂಗಳದಲ್ಲಿ ಚೂರುಚೂರಾಗಿ ಹಂಚಿಹೋಗಿತ್ತು, ಕೇಳಿದರೆ ಎಲ್ಲ ಸಿಗುವಂತಿತ್ತು, ಕೇಳಿದರೆ ಅವಳು ಹೋಗುತ್ತಿದ್ದಳು. ಅವನು ಕೇಳಲಿಲ್ಲ. ಶಾಲೆಯ ದಿನಗಳಿಂದ ಅವನನ್ನು ಬಲ್ಲ ನನಗೆ ಅದೊಂದು ನೋಡತಕ್ಕ ದೃಶ್ಯವಾಗಿತ್ತು.

ಹೀಗೆ ಉಪಚಾರ ಮಾಡಿದರೆ ಏನಾಗಬೇಕೋ ಅದಾಯಿತು. ಪಾನೀಯ ಮುಗಿಯಿತು. ಮುಗಿದ ಗಳಿಗೆಗೇ ಹೊರಗೆ ಕಾರು ನಿಂತಿತು. ಕೋಲು ಹಿಡಿದ ಹಿರಿಯರು ತಮ್ಮ ಪರಿವಾರದೊಂದಿಗೆ ಇಳಿದರು. ದೊರೆಯ ಮಾತುಗಾರ ಅಂಗಳಕ್ಕೆ ಬಂದಾಗ ಕುಡಿಯಲು ಕೊಡದಿದ್ದರೆ ಆ ಮನೆಯ ಹೆಸರಿಗೆ ಹತ್ತಿದ ಮಸಿ ಮೊಮ್ಮಕ್ಕಳ ಕಾಲಕ್ಕೂ ತೊಳೆದುಹೋಗುವುದಿಲ್ಲ. ಮೇಷ್ಟ್ರು ಕ್ರೇಟುಗಳತ್ತ ನೋಡಿದರು. ಬರೀ ಚೌಕದ ತೂತುಗಳು. ನನ್ನ ಹತ್ತಿರ ಬೇಗಬೇಗ ಬಂದರು.

"ಅಬಾ, ನಿನ್ನ ಗಾಡೀಲಿ ಇನ್ನೂ ಇದೆಯಲ್ಲ? ಇಳಿಸು ಬೇಗ."

"ಇಳಿಸ್ತೀನಿ ಸಾರ್," ಎಂದೆ. "ಎಂಪ್ಟಿ ಎಲ್ಲಿ?"

ಮೇಷ್ಟ್ರು ಸಿಡಿದರು. "ಆ ಮಾತು ಈ ಅಂಗಳದಲ್ಲಿ ಆಡಬಾರದು ಅಂತ ಹೇಳಿದ್ದೆ!"

"ಹೇಳಿದ್ದು ಅವನಿಗೆ ಸಾರ್. ನಾನೇನು ನಿಮ್ಮ ತಂಗಿ ಮಗಳನ್ನ ಮದ್ವೆ ಆಗ್ತಿಲ್ಲ."

"ದುಡ್ಡು ತಗೋ!"

"ದುಡ್ಡು ಆಮೇಲೆ. ಬಾಟಲಿ ಇಲ್ದೆ ಬಾಟಲಿ ಕೊಟ್ರೆ ಸೋಮವಾರ ಡಿಪೊದಲ್ಲಿ ನಾನೇನು ನಿಮ್ಮ ವ್ಯಾಕರಣ ಇಳಿಸ್ಲಾ?"

ಅವರು ಬೆಂಟ್ಸಿಲನತ್ತ ತಿರುಗಿದರು. ಅವನು ಮಾವಿನ ಮರದ ತುದಿಯಲ್ಲಿ ಏನೋ ಹಕ್ಕಿಯನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದ. ಹಕ್ಕಿ ಇರಲಿಲ್ಲ. ಕೋಲಿನ ಹಿರಿಯರು ಆಗಲೇ ಕೂತು, ಒಣಗಿದ ಗಂಟಲನ್ನು ಎಲ್ಲರಿಗೂ ಕೇಳುವಂತೆ ಸರಿಮಾಡಿಕೊಂಡರು.

ಎಸ್ಸಾಂದೋ ಮೇಷ್ಟ್ರು ಅಂಗಳದ ನಡುವೆ ಹೋಗಿ ನಿಂತರು. ಬೆನ್ನು ನೆಟ್ಟಗಾಯಿತು. ನಲವತ್ತು ವರ್ಷದ ಹಿಂದಿನ ತರಗತಿಯ ಆ ದನಿ ಹೊರಗೆ ಬಂತು.

"ಎಲ್ಲರೂ! ಎಂಪ್ಟಿ! ತಂದು ಇಲ್ಲಿಡಿ! ಸಾಲಾಗಿ!"

ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರು. ಕಾಲುಗಳು ತಲೆಯನ್ನು ಕೇಳಲಿಲ್ಲ, ತಾವೇ ಎದ್ದವು. ಅಜ್ಜಂದಿರು, ಕಂಟ್ರಾಕ್ಟರುಗಳು, ಒಬ್ಬ ನಿವೃತ್ತ ಪೊಲೀಸಿನವನು ಸಾಲಾಗಿ ನಿಂತರು. ಟೋಪಿಯ ಕೆಳಗಿನಿಂದ, ಕುರ್ಚಿಯ ಅಡಿಯಿಂದ, ಬಟ್ಟೆಯ ಮಡಿಕೆಗಳಿಂದ ಬಾಟಲಿಗಳು ಬಂದವು. ಮನ್ಸಾ ಮಾತ್ರ ಸಾಲಿನ ಹಿಂದೆ ನಿಂತು ಚೀಲವನ್ನು ಎದೆಗೆ ಅವಚಿಕೊಂಡಿದ್ದಳು.

"ಮನ್ಸಾ, ಚೀಲ."

"ಇದ್ರಲ್ಲಿ ನನ್ನ ಕರವಸ್ತ್ರ, ಅಣ್ಣ."

"ಕರವಸ್ತ್ರ ಟಿಣ್ ಅನ್ನಲ್ಲ."

ಅವಳು ಒಂದೊಂದಾಗಿ ತೆಗೆದಳು. ಪ್ರತಿಯೊಂದಕ್ಕೂ ಅಂಗಳ ಹೋ ಎಂದಿತು. ಬೆಂಟ್ಸಿಲ್ ಮಾತ್ರ ತಿರುಗಿಯೂ ನೋಡಲಿಲ್ಲ. ಇಲ್ಲದ ಹಕ್ಕಿಯನ್ನೇ ನೋಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡಿದ್ದ. ಮೇಷ್ಟ್ರೇ ಬಗ್ಗಿ ಬಾಟಲಿಗಳನ್ನು ಕ್ರೇಟಿಗೆ ಇಳಿಸಿದರು, ಅಂಗಿಗೆ ಸುಕ್ಕು ಬೀಳುವಷ್ಟು. ನಾನು ಕ್ರೇಟಿಗೆ ಕ್ರೇಟು ಬದಲಿಸಿ ಇಳಿಸಿದೆ. ಹಿರಿಯರ ಗಂಟಲು ತಣ್ಣಗಾಯಿತು, ಪೂರ್ವಿಕರಿಗೂ ಅವರ ಪಾಲು ಎರೆದದ್ದಾಯಿತು.

ಆಮೇಲೆ ಎಸುವಾನಳನ್ನು ಕರೆತಂದರು. ನೀಲಿ ಬಟ್ಟೆ ಉಟ್ಟಿದ್ದಳು, ಕೊರಳಲ್ಲಿ ಮಣಿ. ನಮ್ಮಲ್ಲಿ ಹೆಣ್ಣನ್ನು ಎಲ್ಲರೆದುರು ಮೂರು ಸಲ ಕೇಳಬೇಕು. ಮೇಷ್ಟ್ರು ಗಂಡಿನ ಕಡೆಯ ಷ್ನಾಪ್ಸನ್ನು ತೋರಿಸಿ, "ಅರಾಬಾ, ಇದನ್ನ ನಾವು ತಗೋಬಹುದಾ?" ಎಂದರು. ಅವಳು ಸುಮ್ಮನಿದ್ದಳು. ಎರಡನೆಯ ಸಲವೂ ಸುಮ್ಮನೆ. ಸುಮ್ಮನಿರುವುದು ಪದ್ಧತಿ, ಆದರೆ ಬೆಂಟ್ಸಿ​ಲನಿಗೆ ಆಗ ಪದ್ಧತಿ ನೆನಪಿದ್ದಂತೆ ಕಾಣಲಿಲ್ಲ. ಮೂರನೆಯ ಸಲ ಕೇಳಿದಾಗ ಅವಳು ಬಾಯಿ ಬಿಚ್ಚಿದಳು.

"ಮಾವ, ಅವರು ಬೆಳಗ್ಗಿಂದ ಒಂದು ಮಾತು ನುಂಗ್ಕೊಂಡು ಕೂತಿದಾರೆ. ಮುಖ ನೋಡಿ, ಬೇಯಕ್ಕಿಟ್ಟ ಕೆಂಕೆ ಥರ ಊದಿದೆ. ಮೊದಲು ಅವರ ಬಾಯಿ ಬಿಡ್ಸಿ. ಆಮೇಲೆ ನನ್ನ ಕೇಳಿ."

ನಗುವಿನಿಂದ ಅಂಗಳ ಅಲುಗಾಡಿತು. ಮೇಷ್ಟ್ರೂ ನಕ್ಕರು. ಅವರ ಕೈಯಲ್ಲಿ ಹೊಸ ಬಾಟಲಿಯೊಂದಿತ್ತು, ತಳದಲ್ಲಿ ಒಂದೇ ಗುಟುಕು ಉಳಿದಿತ್ತು.

"ಸರಿ. ಎದ್ದು ನಿಲ್ಲು ಕೊಬಿನಾ. ನನ್ನ ಷರತ್ತು ತೆಗೆದೆ. ಏನಿದೆಯೋ ಹೇಳ್ಕೋ."

ಬೆಂಟ್ಸಿಲ್ ಎದ್ದ. ಕೈ ಬೆನ್ನ ಹಿಂದೆ. ಅವನ ಕಣ್ಣು ಮೇಷ್ಟ್ರ ಕೈಯ ಬಾಟಲಿಯ ಮೇಲೆಯೇ ಇತ್ತು, ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಏನು ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದೆ.

"ಸಾರ್," ಎಂದ. "ಅವತ್ತು ನಿಮ್ಮ ಅಣ್ಣನ ವಿಷಯ ಹೇಳ್ತಿದ್ರಿ. ಅರ್ಧಕ್ಕೆ ನಿಂತೋಯ್ತು. ಅವರು ಹುಡುಗರಿಗೆ ಈಜು ಕಲಿಸ್ತಿದ್ರು ಅನ್ನೋವರೆಗೆ ಹೇಳಿದ್ರಿ. ಉಳಿದದ್ದು ಈಗ ಹೇಳಿ ಸಾರ್. ನಿಧಾನಕ್ಕೆ ಕುಡೀರಿ. ಅವಸರ ಏನಿಲ್ಲ."

ಯಾರೂ ನಗಲಿಲ್ಲ. ಮೇಷ್ಟ್ರು ಬಾಟಲಿಯನ್ನು ನೋಡಿದರು, ಅವನನ್ನು ನೋಡಿದರು. ಹೌದು, ಈಜು ಕಲಿಸುತ್ತಿದ್ದರು, ನನಗೂ ಅವರೇ ಕಲಿಸಿದ್ದು ಎಂದು ಶುರುಮಾಡಿದರು. ಬಹಳ ಹೊತ್ತು ಹೇಳಿದರು. ಅವರ ಅಣ್ಣ ತೀರ ಒಳ್ಳೆಯ ಮನುಷ್ಯನೇನೂ ಆಗಿರಲಿಲ್ಲವೆಂದು ಊರಿಗೆ ಗೊತ್ತು, ಆದರೂ ಕೇಳಲು ಚೆನ್ನಾಗಿತ್ತು. ಮುಗಿದ ಮೇಲೆ ಕೊನೆಯ ಗುಟುಕನ್ನು ನೆಲಕ್ಕೆ ಎರೆದು, ತಾವೇ ನಡೆದುಹೋಗಿ ಬಾಟಲಿಯನ್ನು ಕ್ರೇಟಿನಲ್ಲಿ ಇಟ್ಟು ಬಂದರು. ಬೆಂಟ್ಸಿಲ್ ಕೈ ಚಾಚಲಿಲ್ಲ.

"ಅರಾಬಾ," ಎಂದರು. "ಏನಮ್ಮ?"

"ತಗೊಳ್ಳಿ ಮಾವ," ಎಂದಳು ಎಸುವಾನ್. "ಬೇಗ ತಗೊಳ್ಳಿ, ಮೀನು ತಣ್ಣಗಾಗ್ತಿದೆ."

ಸಂಜೆ ಗಾಡಿಗೆ ಕ್ರೇಟು ಏರಿಸುವಾಗ ಎರಡು ತೂತು ಬರಿದಾಗಿದ್ದವು. ಬಾಟಲಿ ಯಾರ ಚೀಲದಲ್ಲಿದೆ ಎಂದು ನನಗೆ ಗೊತ್ತಿತ್ತು, ಬೆಂಟ್ಸಿ​ಲನಿಗೂ ಗೊತ್ತಿತ್ತು. ಅವನು ಆ ತೂತುಗಳನ್ನು ನೋಡಿದ, ಎಸುವಾನಳನ್ನು ನೋಡಿದ, ಹೋಗಿ ಗಾಡಿಯ ಹಿಂದಿನ ಬಾಗಿಲು ಹಾಕಿದ. ಮರುದಿನ ಚರ್ಚಿನಲ್ಲಿ ಕೃತಜ್ಞತೆಯ ಪ್ರಾರ್ಥನೆಗೆ ಮನ್ಸಾಳ ಪಕ್ಕದಲ್ಲೇ ಕೂತು, ಅವಳ ಪುಸ್ತಕ ನೋಡಿಯೇ ಹಾಡು ಹೇಳಿದ. ಹೊರಗೆ ಬಂದಾಗ ಅವಳು ಒಂದು ಹಿಡಿ ಕಡಲೇಕಾಯಿ ಕೊಟ್ಟಳು, ತಿಂದ. ಬಾಟಲಿಯ ಮಾತು ಎತ್ತಲಿಲ್ಲ.

ಸೋಮವಾರದವರೆಗೆ ಎತ್ತಲೇ ಇಲ್ಲ.